ಖಾಕಿ ಕಳಚಿದ ಮೇಲೆ ಸೆಕ್ಯುರಿಟಿ ಏಜೆನ್ಸಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳೆಲ್ಲ ಮೈಸೂರು, ಮಂಡ್ಯ ಕಡೆಯವು. ಬರೆದವರಲ್ಲಿ ಹೆಚ್ಚಿನವರು ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು ಅಥವಾ ಆ ಹಾದಿಯಲ್ಲಿ ಇರುವವರು. ಗಾರ್ಡ್ ಕೆಲಸ ಮಾಡುವ ಒಬ್ಬರೂ ಬರೆದಿದ್ದಾರೆ. ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ಪಿಎಸ್‌ಐ ಆಗಿ ನಿವೃತ್ತನಾಗಿದ್ದೇನೆ. ಮಂಡ್ಯ, ಮೈಸೂರು ಎರಡೂ ಕಡೆ ಸೆಕ್ಯುರಿಟಿ ಏಜೆನ್ಸಿ ನಡೆಸುವ ಆಸೆ. ಲೈಸೆನ್ಸ್ ಹೇಗೆ? ಇಷ್ಟು ವರ್ಷದ ಸೇವೆಗೆ ಏನಾದರೂ ರಿಯಾಯಿತಿ ಇದೆಯೇ?
ನಿವೃತ್ತ ಪಿಎಸ್‌ಐ, ಮಂಡ್ಯ

ಲೈಸೆನ್ಸಿನಲ್ಲಿ ರಿಯಾಯಿತಿ ಇಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ, 2005 ನಿವೃತ್ತ ಎಸ್ಪಿಗೂ ಒಂದೇ, ಅಂಗಡಿ ಮುಚ್ಚಿ ಈ ಕಸುಬಿಗೆ ಬಂದವರಿಗೂ ಒಂದೇ. ಲೈಸೆನ್ಸ್ ಕೈಗೆ ಬರುವ ಮೊದಲು ಏಜೆನ್ಸಿ ಹೆಸರಿನಲ್ಲಿ ಒಬ್ಬನೇ ಒಬ್ಬ ಗಾರ್ಡನ್ನು ನಿಲ್ಲಿಸಿದರೂ ಒಂದು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಅರ್ಜಿ ಹಾಕಿದ್ದೇವೆ, ಬರುತ್ತದೆ’ ಎಂದು ಹೇಳಿ ಕೆಲಸ ಶುರು ಮಾಡುವವರು ಬಹಳ. ಪೊಲೀಸರಾಗಿದ್ದವರು ಆ ಮಾತು ಹೇಳಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಶುಲ್ಕ ಜಿಲ್ಲೆಯ ಲೆಕ್ಕದಲ್ಲಿ. ಒಂದೇ ಜಿಲ್ಲೆಗೆ 5,000 ರೂಪಾಯಿ, ಐದು ಜಿಲ್ಲೆಗಳವರೆಗೆ 10,000, ಇಡೀ ರಾಜ್ಯಕ್ಕೆ 25,000. ಮಂಡ್ಯ ಒಂದಕ್ಕೇ ತೆಗೆದುಕೊಳ್ಳುವುದು ನಮ್ಮ ಮಟ್ಟಿಗೆ ದಡ್ಡತನ. ಶ್ರೀರಂಗಪಟ್ಟಣದ ಗಿರಾಕಿ ತನ್ನ ಮೈಸೂರಿನ ಗೋಡೌನಿಗೂ ಇಬ್ಬರನ್ನು ಕೇಳಿದರೆ ಕಾನೂನಿನ ಪ್ರಕಾರ ನೀವು ಕೈಕಟ್ಟಿ ನಿಲ್ಲಬೇಕಾಗುತ್ತದೆ. 10,000 ಕಟ್ಟಿ ಮಂಡ್ಯ, ಮೈಸೂರು, ಚಾಮರಾಜನಗರ, ಕೊಡಗು, ಹಾಸನ ಐದನ್ನೂ ಸೇರಿಸಿಬಿಡಿ.

ಅರ್ಜಿ ಆನ್‌ಲೈನ್‌ನಲ್ಲಿ, ಈ ಕಾಯ್ದೆಯಡಿ ಲೈಸೆನ್ಸ್ ಕೊಡುವ ನಿಯಂತ್ರಣಾಧಿಕಾರಿಗೆ. ಮಾಲೀಕ, ಪಾಲುದಾರ, ನಿರ್ದೇಶಕ ಯಾರೇ ಇರಲಿ, ಎಲ್ಲರ ಪೂರ್ವಾಪರವನ್ನೂ ಪೊಲೀಸರು ಪರಿಶೀಲಿಸುತ್ತಾರೆ. ನಿಮ್ಮ ಮೇಲೆ ದಾಖಲಾದ ಅಥವಾ ಬಾಕಿ ಇರುವ ಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ಬರೆಯಲೇಬೇಕು. ಸೇವೆಯಲ್ಲಿದ್ದಾಗ ಯಾರೋ ಹಾಕಿದ ಖಾಸಗಿ ದೂರು ಕೋರ್ಟಿನಲ್ಲಿ ತೂಗಾಡುತ್ತಿದ್ದರೆ ಅದೂ ಬರಬೇಕು. ಮುಚ್ಚಿಟ್ಟದ್ದು ಹೊರಬಂದರೆ ಆಗುವ ಹಾನಿ, ಬರೆದದ್ದರಿಂದ ಆಗುವುದಕ್ಕಿಂತ ಹೆಚ್ಚು. ದುರ್ನಡತೆ ಅಥವಾ ನೈತಿಕ ಅಧಃಪತನದ ಕಾರಣಕ್ಕೆ ಸರ್ಕಾರಿ ಕೆಲಸದಿಂದ ವಜಾ ಆದವರಿಗೆ, ತೆಗೆದುಹಾಕಲ್ಪಟ್ಟವರಿಗೆ ಲೈಸೆನ್ಸ್ ಸಿಗುವುದಿಲ್ಲ. ಅಂಥವರನ್ನು ಗಾರ್ಡ್ ಆಗಿಯೂ ಇಟ್ಟುಕೊಳ್ಳುವಂತಿಲ್ಲ.

ತೀರ್ಮಾನಕ್ಕೆ ಕಾಯ್ದೆ 60 ದಿನ ಕೊಟ್ಟಿದೆ. ಆದರೆ ಆ ಎಣಿಕೆ ಶುರುವಾಗುವುದು ಪೂರ್ತಿ ವಿವರ ಮತ್ತು ಶುಲ್ಕ ಸೇರಿದ ಅರ್ಜಿ ತಲುಪಿದ ಮೇಲೆ. ಅರ್ಜಿ ವಾಪಸ್ ಬರುವ ಕಾರಣಗಳು ಸಣ್ಣಸಣ್ಣವು. ಸೇವಾ ಪುಸ್ತಕದಲ್ಲಿ ಒಂದು ಇನಿಶಿಯಲ್, ಆಧಾರ್‌ನಲ್ಲಿ ಇನ್ನೊಂದು, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ಕಂಪನಿಯ ಉದ್ದೇಶಗಳ ಪಟ್ಟಿಯಲ್ಲಿ ‘ಭದ್ರತಾ ಸೇವೆ’ ಎಂಬುದೇ ಇಲ್ಲ. ಕಚೇರಿ ಬಾಡಿಗೆ ಕರಾರು ಹೆಂಡತಿಯ ಹೆಸರಿನಲ್ಲಿ, ಅರ್ಜಿ ಗಂಡನದು. ಸ್ವಂತ ತರಬೇತಿ ವ್ಯವಸ್ಥೆ ಇಲ್ಲದವರು ಮಾನ್ಯತೆ ಪಡೆದ ತರಬೇತಿ ಸಂಸ್ಥೆಯೊಂದಿಗೆ ಒಡಂಬಡಿಕೆ ಮಾಡಿಕೊಂಡಿಲ್ಲ. ಇವಿಷ್ಟನ್ನು ಮೊದಲೇ ಸರಿಮಾಡಿಕೊಂಡರೆ ಅರ್ಧ ದಾರಿ ಸವೆದಂತೆ.

ಲೈಸೆನ್ಸ್ ಐದು ವರ್ಷಕ್ಕೆ. ಸಿಕ್ಕ ಮೇಲೆ ಆರು ತಿಂಗಳೊಳಗೆ ಕೆಲಸ ಆರಂಭಿಸಬೇಕು, 60 ದಿನದೊಳಗೆ ಸೂಪರ್‌ವೈಸರ್‌ಗಳನ್ನು ನೇಮಿಸಬೇಕು. ನವೀಕರಣದ ಅರ್ಜಿ ಅವಧಿ ಮುಗಿಯುವ 45 ದಿನ ಮೊದಲೇ ಹೋಗಿರಬೇಕು.

ನಿಮ್ಮ ಸೇವೆ ಲೆಕ್ಕಕ್ಕೆ ಬರುವುದು ನೇಮಕಾತಿಯಲ್ಲಿ. ಸೇನೆ, ಪೊಲೀಸ್, ಗೃಹರಕ್ಷಕ ದಳದಲ್ಲಿ ಕನಿಷ್ಠ ಮೂರು ವರ್ಷ ಇದ್ದವರಿಗೆ ಸೂಪರ್‌ವೈಸರ್ ನೇಮಕದಲ್ಲಿ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಹೊಸಬರಿಗೆ 100 ಗಂಟೆ ತರಗತಿ, 60 ಗಂಟೆ ಮೈದಾನದ ತರಬೇತಿ ಬೇಕು, ಅದೂ ಕನಿಷ್ಠ 20 ಕೆಲಸದ ದಿನಗಳಲ್ಲಿ. ಮಾಜಿ ಪೊಲೀಸರಿಗೂ ಮಾಜಿ ಸೈನಿಕರಿಗೂ 40 ಗಂಟೆ ತರಗತಿ, 16 ಗಂಟೆ ಮೈದಾನ, ಕನಿಷ್ಠ ಏಳು ದಿನ ಸಾಕು. ನಿಮ್ಮ ಜೊತೆಯವರನ್ನೇ ಸೂಪರ್‌ವೈಸರ್ ಮಾಡಿಕೊಳ್ಳಿ. ಆದರೆ ಗಾರ್ಡ್ ಕೆಲಸಕ್ಕೆ ವಯಸ್ಸಿನ ಮಿತಿ 65. 60ಕ್ಕೆ ನಿವೃತ್ತರಾದ ಹೆಡ್ ಕಾನ್‌ಸ್ಟೆಬಲ್ ಗೇಟಿನಲ್ಲಿ ನಿಮಗೆ ಸಿಗುವುದು ಐದೇ ವರ್ಷ.

ಪ್ರಶ್ನೆ: ನಾನಿನ್ನೂ ಸರ್ವಿಸ್‌ನಲ್ಲಿದ್ದೇನೆ. ಹೆಂಡತಿ ಹೆಸರಿನಲ್ಲಿ ಈಗಲೇ ಏಜೆನ್ಸಿ ಶುರು ಮಾಡಿ, ನಿವೃತ್ತಿಯಾದ ಮೇಲೆ ನಾನು ಸೇರಿಕೊಂಡರೆ?
ಹೆಡ್ ಕಾನ್‌ಸ್ಟೆಬಲ್, ಮೈಸೂರು

ಬೇಡ. ಕುಟುಂಬದವರು ವ್ಯಾಪಾರ ಮಾಡಿದರೆ ಇಲಾಖೆಗೆ ತಿಳಿಸಬೇಕು ಎನ್ನುತ್ತದೆ ನಡತೆ ನಿಯಮ. ನೀವೇ ಪರೋಕ್ಷವಾಗಿ ನಡೆಸುವುದಂತೂ ಅನುಮತಿಯಿಲ್ಲದೆ ಸಾಧ್ಯವೇ ಇಲ್ಲ. ನಿಮ್ಮ ಠಾಣೆಯ ಸರಹದ್ದಿನ ಕಾರ್ಖಾನೆಗೆ ನಿಮ್ಮ ಹೆಂಡತಿಯ ಏಜೆನ್ಸಿ ಗಾರ್ಡ್ ಕಳಿಸಿದರೆ ಮಾರನೆಯ ದಿನ ದೂರು ಬರೆಯುವವರು ಹೊರಗಿನವರೇ ಆಗಬೇಕಿಲ್ಲ. ಇಲಾಖಾ ವಿಚಾರಣೆಯಲ್ಲಿ ವಜಾ ಆದರೆ ಮೇಲೆ ಹೇಳಿದಂತೆ ಲೈಸೆನ್ಸಿನ ಬಾಗಿಲೂ ಮುಚ್ಚಿತು. ಉಳಿದ ಸೇವೆಯಲ್ಲಿ ದಾಖಲೆಗಳ ಹೆಸರು ಸರಿಮಾಡಿಸಿಕೊಳ್ಳಿ, ಸಂಬಳದ ಲೆಕ್ಕ ಕಲಿಯಿರಿ. (ಐಪಿಎಸ್ ಹುದ್ದೆಯಿಂದ ನಿವೃತ್ತರಾದವರು ಮೊದಲ ಒಂದು ವರ್ಷ ಇಂಥ ಉದ್ಯೋಗಕ್ಕೆ ಸರ್ಕಾರದ ಅನುಮತಿ ಪಡೆಯಬೇಕು.)

ಪ್ರಶ್ನೆ: ಒಂದು ಅಪಾರ್ಟ್‌ಮೆಂಟಿಗೆ ಕೊಟೇಶನ್ ಕೊಡಬೇಕು. ಗೇಟಿಗೆ ದಿನದ 24 ಗಂಟೆ ಒಬ್ಬರು ಬೇಕಂತೆ. ‘12 ಗಂಟೆ ಡ್ಯೂಟಿಗೆ ಒಬ್ಬನಿಗೆ 18,000ಕ್ಕೆ ಕೊಡುವವರಿದ್ದಾರೆ, ನಿಮ್ಮದೇನು’ ಎನ್ನುತ್ತಾರೆ. ಅಷ್ಟು ಕಡಿಮೆಗೆ ಹೇಗೆ ಸಾಧ್ಯ?
ನಿವೃತ್ತ ಇನ್‌ಸ್ಪೆಕ್ಟರ್, ಮೈಸೂರು

ಕಾನೂನಿನ ಒಳಗೆ ಸಾಧ್ಯವಿಲ್ಲ. ಈ ದಂಧೆಯಲ್ಲಿ ಏಳುವುದು ಬೀಳುವುದು ಎಲ್ಲ ಈ ಒಂದು ಹಾಳೆ ಲೆಕ್ಕದ ಮೇಲೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇವೆ.

ಕರ್ನಾಟಕದಲ್ಲಿ ಕನಿಷ್ಠ ವೇತನ ವಲಯದ ಪ್ರಕಾರ ಬೇರೆ ಬೇರೆ, ಮೇಲಾಗಿ ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದಲಾಗುತ್ತದೆ. ಕೊಟೇಶನ್ ಬರೆಯುವ ದಿನದ ಅಧಿಸೂಚನೆ ನೋಡಿಯೇ ಬರೆಯಿರಿ. ಇಲ್ಲಿ ಲೆಕ್ಕದ ಅನುಕೂಲಕ್ಕೆ ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ಎಂದು ಹಿಡಿಯೋಣ, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 26 ದಿನ.

15,000 ವೇತನಕ್ಕೆ ಮಾಲೀಕನ ಪಾಲಿನ ಪಿಎಫ್, ಆಡಳಿತ ವೆಚ್ಚ, ವಿಮೆ ಸೇರಿ 13 ಶೇಕಡ, ಅಂದರೆ 1,950. ಇಎಸ್‌ಐ (ನೌಕರರ ಆರೋಗ್ಯ ವಿಮೆ) 3.25 ಶೇಕಡ, 488. ಬೋನಸ್ 8.33 ಶೇಕಡ, 1,250. ಗ್ರ್ಯಾಚುಟಿಗೆ ಎತ್ತಿಡುವುದು 4.81 ಶೇಕಡ, 722. ಇಲ್ಲಿಗೆ 19,410. ಗಾರ್ಡಿಗೆ ವಾರಕ್ಕೊಂದು ರಜೆ, ಗೇಟಿಗೆ ರಜೆ ಇಲ್ಲ. ಆ ಏಳನೆಯ ದಿನ ನಿಲ್ಲುವ ರಿಲೀವರ್ ಖರ್ಚು ಆರರಲ್ಲಿ ಒಂದು ಭಾಗ, 3,235. ಒಟ್ಟು 22,645. ಸಮವಸ್ತ್ರ, ತರಬೇತಿ, ವೈದ್ಯಕೀಯ ತಪಾಸಣೆ, ರಾತ್ರಿ ಚೆಕಿಂಗಿನ ಪೆಟ್ರೋಲಿಗೆ ಕೈಬಿಗಿ ಹಿಡಿದರೂ 500. 23,145 ಆಯಿತು. ಇದರ ಮೇಲೆ 8 ಶೇಕಡ ಸರ್ವಿಸ್ ಚಾರ್ಜ್, 1,852. ಕೊನೆಗೆ 24,997, ಅಂದರೆ 25,000 ಎನ್ನಿ. ಜಿಎಸ್‌ಟಿ 18 ಶೇಕಡ ಬೇರೆ. ಇದು ಎಂಟು ಗಂಟೆಯ ಒಂದು ಪಾಳಿಯ ದರ. 24 ಗಂಟೆಗೆ ಮೂರು ಪಾಳಿ, 75,000.

ಇನ್ನು 12 ಗಂಟೆ ಡ್ಯೂಟಿ. ದಿನಕ್ಕೆ ನಾಲ್ಕು ಗಂಟೆ ಹೆಚ್ಚುವರಿ, 26 ದಿನಕ್ಕೆ 104 ಗಂಟೆ. ತಿಂಗಳ ಸಾಮಾನ್ಯ ಕೆಲಸ 208 ಗಂಟೆ. ಅಂದರೆ ಓವರ್‌ಟೈಮ್ ಸರಿಯಾಗಿ ಅರ್ಧ, ಅದಕ್ಕೆ ಕೊಡಬೇಕಾದದ್ದು ದುಪ್ಪಟ್ಟು ದರ. ಅರ್ಧದ ದುಪ್ಪಟ್ಟು ಎಂದರೆ ಮತ್ತೊಂದು ಪೂರ್ತಿ ಸಂಬಳ. 12 ಗಂಟೆ ನಿಲ್ಲಿಸಿದ ಗಾರ್ಡಿಗೆ ಕಾನೂನಿನಂತೆ 15,000 ಅಲ್ಲ, 30,000 ಕೊಡಬೇಕು. ರಜೆ ಲೆಕ್ಕ ಸೇರಿಸಿ ನೋಡಿದರೆ ಒಂದು ಗೇಟಿಗೆ 12 ಗಂಟೆ ಪದ್ಧತಿಯಲ್ಲಿ ಎರಡೂಕಾಲಿಗಿಂತ ತುಸು ಹೆಚ್ಚು ಜನ, ಸಂಬಳವೇ 70,000. ಎಂಟು ಗಂಟೆಯ ಪದ್ಧತಿಯಲ್ಲಿ ಮೂರೂವರೆ ಜನ, ಸಂಬಳ 52,500. ನ್ಯಾಯವಾಗಿ ಕೊಡುವವನಿಗೆ ಎಂಟು ಗಂಟೆಯೇ ಅಗ್ಗ. 12 ಗಂಟೆ ಅಗ್ಗವಾಗಿ ಕಾಣುವುದು ಓವರ್‌ಟೈಮ್ ಕದ್ದಾಗ ಮಾತ್ರ.

ಉಳಿದ ಕಳ್ಳದಾರಿಗಳೂ ನಿಮಗೆ ಗೊತ್ತಿರಲಿ. ರಜೆ ಕೊಡದೆ 30 ದಿನ ದುಡಿಸುವುದು. 30 ಜನರಲ್ಲಿ 18 ಜನರನ್ನಷ್ಟೇ ಪಟ್ಟಿಯಲ್ಲಿ ತೋರಿಸಿ, 20 ಜನರಿದ್ದರೆ ಪಿಎಫ್ ಕಡ್ಡಾಯ ಎಂಬ ಗಡಿಯ ಕೆಳಗೆ ಉಳಿಯುವುದು. ವೇತನವನ್ನು ಒಡೆದು ಭತ್ಯೆ ಎಂದು ಬರೆದು ಪಿಎಫ್ ಇಳಿಸುವುದು. ಕೊನೆಯದಕ್ಕೆ 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳು ಕೊಕ್ಕೆ ಹಾಕಿವೆ: ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ, ಮೀರಿದ್ದೆಲ್ಲ ವೇತನವೆಂದೇ ಲೆಕ್ಕ.

ಅಪಾರ್ಟ್‌ಮೆಂಟಿನವರ ಮುಂದೆ ಈ ಹಾಳೆಯನ್ನೇ ಇಡಿ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಆ ಬಾಕಿ ಕೆಲಸ ಮಾಡಿಸಿಕೊಂಡವರ ತಲೆಗೆ ಬರುತ್ತದೆ, ಪಿಎಫ್, ಇಎಸ್‌ಐ ಬಾಕಿಯೂ ಹಾಗೆಯೇ ಎಂದು ತಿಳಿಸಿ. ಖರ್ಚು ತಗ್ಗಲೇಬೇಕೆಂದರೆ ಸಂಬಳಕ್ಕೆ ಕತ್ತರಿ ಹಾಕಬೇಡಿ, ಪಾಯಿಂಟ್ (ಗಾರ್ಡ್ ನಿಲ್ಲುವ ಜಾಗ) ಕಡಿಮೆ ಮಾಡಿ. ಹಿಂದಿನ ಗೇಟನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬೀಗ ಹಾಕಿ ಕ್ಯಾಮೆರಾ ಇಟ್ಟರೆ ಒಂದು ಪೂರ್ತಿ ಪಾಳಿ ಉಳಿಯುತ್ತದೆ. ಅಷ್ಟಕ್ಕೂ 18,000ದವನೇ ಬೇಕೆಂದರೆ ಬಿಟ್ಟುಬಿಡಿ.

ಪ್ರಶ್ನೆ: ನಿವೃತ್ತಿಯ ಹಣದಲ್ಲಿ ಎಷ್ಟು ಹೂಡಬೇಕು? ಕಚೇರಿ, ಕಂಪ್ಯೂಟರ್, ಸಮವಸ್ತ್ರ ಎಲ್ಲ ಸೇರಿ ಮೂರು ಲಕ್ಷ ಸಾಕೆಂದು ಸ್ನೇಹಿತರು ಹೇಳುತ್ತಾರೆ. ಸ್ವಂತ ಹೆಸರಿನಲ್ಲೋ, ಪ್ರೈವೇಟ್ ಲಿಮಿಟೆಡ್ಡೋ?
ನಿವೃತ್ತ ಎಎಸ್‌ಐ, ಶ್ರೀರಂಗಪಟ್ಟಣ

ನಿಮ್ಮ ಸ್ನೇಹಿತರು ಸಂಬಳವನ್ನು ಮರೆತಿದ್ದಾರೆ. 30 ಜನ ಗಾರ್ಡ್ ಎಂದುಕೊಳ್ಳಿ. ಸಂಬಳ, ಪಿಎಫ್, ಇಎಸ್‌ಐ ಸೇರಿ ಒಬ್ಬರಿಗೆ 17,438. ತಿಂಗಳಿಗೆ 5.23 ಲಕ್ಷ. ಮಾರ್ಚ್ ತಿಂಗಳ ಸಂಬಳ ಏಪ್ರಿಲ್ 7ರೊಳಗೆ ಕೊಡಬೇಕು, ಪಿಎಫ್, ಇಎಸ್‌ಐ 15ಕ್ಕೆ. ಮಾರ್ಚ್ ಬಿಲ್ಲಿಗೆ ಕಾರ್ಖಾನೆ 45 ದಿನ ತೆಗೆದುಕೊಂಡರೆ ದುಡ್ಡು ಬರುವುದು ಮೇ ಮಧ್ಯಕ್ಕೆ. ಅಷ್ಟರಲ್ಲಿ ಏಪ್ರಿಲ್ ಸಂಬಳದ ಮೇ 7 ಬಂದು ಹೋಗಿರುತ್ತದೆ. ಅಂದರೆ ಒಂದು ರೂಪಾಯಿ ಒಳಗೆ ಬರುವ ಮೊದಲೇ ಎರಡು ತಿಂಗಳದ್ದು, 10 ಲಕ್ಷದ ಮೇಲೆ, ಹೊರಗೆ ಹೋಗಿರುತ್ತದೆ. ಕಂಪನಿಯಾಗಿದ್ದರೆ ಮಾರ್ಚ್ ಬಿಲ್ಲಿನ ಜಿಎಸ್‌ಟಿ ಲಕ್ಷಕ್ಕೂ ಮೇಲೆ. ಗಿರಾಕಿ ಕೊಟ್ಟಿರಲಿ ಬಿಡಲಿ, ಏಪ್ರಿಲ್‌ನಲ್ಲೇ ಕಟ್ಟಬೇಕು. ಬಿಲ್ ಪಾಸಾದಾಗ ಗಿರಾಕಿ ಟಿಡಿಎಸ್ (ಮೊದಲೇ ಕಡಿಯುವ ಆದಾಯ ತೆರಿಗೆ) ಹಿಡಿಯುತ್ತಾರೆ: ಸ್ವಂತ ಹೆಸರಿನ ಸಂಸ್ಥೆಗೆ 1 ಶೇಕಡ, ಕಂಪನಿಗೆ, ಪಾಲುದಾರಿಕೆಗೆ 2 ಶೇಕಡ. ನಿಮ್ಮ ಲಾಭವೇ 8 ಶೇಕಡದ ಒಳಗಿನದು, ಅದರಲ್ಲಿ 2 ಶೇಕಡ ಆ ವರ್ಷದ ಕೊನೆಯವರೆಗೆ ಸಿಕ್ಕಿಹಾಕಿಕೊಂಡಿರುತ್ತದೆ.

ಹೀಗಾಗಿ 30 ಜನರಿಂದ ಶುರು ಮಾಡುವುದಾದರೆ ಕಚೇರಿ ಖರ್ಚು ಬಿಟ್ಟು 12 ಲಕ್ಷದ ಆಚೀಚೆ ಚಲಾವಣೆಗೆ ಬೇಕು. ಗ್ರ್ಯಾಚುಟಿ ಹಣವನ್ನೆಲ್ಲ ಸುರಿಯಬೇಡಿ. 10 ಜನ, ಎರಡು ಅಥವಾ ಮೂರು ಗಿರಾಕಿ, ಬಿಲ್ ಕೊಟ್ಟ 7ರಿಂದ 10 ದಿನದಲ್ಲಿ ಪಾವತಿ ಮಾಡುವ ಶಾಲೆ, ನರ್ಸಿಂಗ್ ಹೋಂ, ಅಪಾರ್ಟ್‌ಮೆಂಟುಗಳಿಂದ ಆರಂಭಿಸಿ. ಹೆಬ್ಬಾಳು, ಹೂಟಗಳ್ಳಿ, ನಂಜನಗೂಡಿನ ದೊಡ್ಡ ಕಾರ್ಖಾನೆಗಳಿಗೆ ಎರಡನೆಯ ವರ್ಷ ಹೋಗಿ. 50 ಜನರ ಆರ್ಡರ್ ಸಿಕ್ಕ ಸಂತೋಷದಲ್ಲಿ ಮೂರನೇ ತಿಂಗಳಿಗೆ ಸಂಬಳ ನಿಲ್ಲಿಸಿದ ಏಜೆನ್ಸಿಯ ಗಾರ್ಡ್‌ಗಳು ಮಾರನೆಯ ದಿನವೇ ಪಕ್ಕದ ಏಜೆನ್ಸಿಯ ಟೋಪಿ ಹಾಕಿಕೊಳ್ಳುತ್ತಾರೆ. ಅದು ಅವರ ತಪ್ಪಲ್ಲ.

ಸ್ವಂತ ಹೆಸರೋ ಕಂಪನಿಯೋ ಎಂಬುದಕ್ಕೆ ಜಿಎಸ್‌ಟಿಯಲ್ಲೊಂದು ಉತ್ತರವಿದೆ. 2019ರ ಜನವರಿ 1ರಿಂದ, ಕಂಪನಿಯಲ್ಲದ ಏಜೆನ್ಸಿ ಜಿಎಸ್‌ಟಿ ನೋಂದಣಿ ಇರುವ ಗಿರಾಕಿಗೆ ಗಾರ್ಡ್ ಒದಗಿಸಿದರೆ ತೆರಿಗೆಯನ್ನು ಗಿರಾಕಿಯೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ನಿಮ್ಮ ಕೈಯಿಂದ ಮುಂಗಡ ಹಾಕುವುದು ತಪ್ಪುತ್ತದೆ. ಶುರುವಿಗೆ ಇದು ದೊಡ್ಡ ಉಪಕಾರ. ಆದರೆ ದೊಡ್ಡ ಕಾರ್ಖಾನೆಗಳ ಟೆಂಡರಿನಲ್ಲಿ ಕಂಪನಿಗೇ ಹೆಚ್ಚು ಮರ್ಯಾದೆ, ನಷ್ಟವಾದರೆ ಮನೆ ಹರಾಜಿಗೆ ಬರುವ ಭಯವೂ ಕಡಿಮೆ. 10, 15 ಜನರವರೆಗೆ ಸ್ವಂತ ಹೆಸರಿನಲ್ಲಿ ನಡೆಸಿ, ಬೆಳೆದ ಮೇಲೆ ಕಂಪನಿ ಮಾಡಿ. ಒಂದು ಎಚ್ಚರಿಕೆ: ಲೈಸೆನ್ಸ್ ಹಳೆಯ ಹೆಸರಿನಲ್ಲಿದ್ದರೆ ಹೊಸ ಕಂಪನಿಗೆ ತಾನಾಗಿ ಬರುವುದಿಲ್ಲ, ಹೊಸ ಅರ್ಜಿ ಹಾಕಬೇಕು. ಅದು ಕೈಗೆ ಬರುವವರೆಗೆ ಹಳೆಯ ಸಂಸ್ಥೆಯ ಹೆಸರಿನಲ್ಲೇ ಬಿಲ್ ಮಾಡಿ.

ಪ್ರಶ್ನೆ: ಗಾರ್ಡ್‌ಗಳಿಗೆ ಖಾಕಿ ಕೊಟ್ಟರೆ ಜನ ಹೆದರುತ್ತಾರೆ, ಕೆಲಸ ಸುಲಭ. ಸೂಪರ್‌ವೈಸರ್‌ಗೆ ಭುಜದ ಮೇಲೆ ಸ್ಟಾರ್ ಹಾಕಬಹುದೇ?
ಮೈಸೂರಿನ ಓದುಗರು

ಎರಡೂ ಆಗದು. ಪೊಲೀಸರ, ಸೇನೆಯ ಸಮವಸ್ತ್ರವನ್ನಾಗಲಿ, ಅದರಂತೆ ಕಾಣುವ ಉಡುಪನ್ನಾಗಲಿ ಗಾರ್ಡ್ ತೊಟ್ಟರೆ ಅವನಿಗೂ ಏಜೆನ್ಸಿ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಕಾಶನೀಲಿ ಅಥವಾ ಬೂದು ಅಂಗಿ, ಕಡುನೀಲಿ ಪ್ಯಾಂಟ್ ಸಾಕು. ತೋಳಿನ ಮೇಲೆ ಏಜೆನ್ಸಿಯ ಬ್ಯಾಡ್ಜ್, ಭುಜ ಅಥವಾ ಎದೆಯ ಮೇಲೆ ಹುದ್ದೆ ತಿಳಿಸುವ ಬ್ಯಾಡ್ಜ್, ದಾರ ಕಟ್ಟಿದ ವಿಸಿಲ್ ಎಡ ಜೇಬಿನಲ್ಲಿ, ಲೇಸ್ ಕಟ್ಟುವ ಶೂ, ಟೋಪಿ, ಇವೆಲ್ಲ ನಿಯಮದಲ್ಲೇ ಇವೆ. ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ. ಒಬ್ಬರಿಗೆ ಎರಡು ಜೊತೆ ಬಟ್ಟೆ ಕೊಡಿ. ಒಂದೇ ಜೊತೆ ಕೊಟ್ಟರೆ ಮಳೆಗಾಲದಲ್ಲಿ ಒದ್ದೆ ಅಂಗಿಯಲ್ಲಿ ಬರುತ್ತಾರೆ, ಇಲ್ಲವೇ ಬಣ್ಣದ ಅಂಗಿಯಲ್ಲಿ. ಟಾರ್ಚ್, ರೇನ್‌ಕೋಟನ್ನು ವ್ಯಕ್ತಿಗೆ ಕೊಡದೆ ಪಾಯಿಂಟಿಗೆ ಕೊಡಿ, ಪಾಳಿ ಬದಲಾಗುವಾಗ ರಿಜಿಸ್ಟರಿನಲ್ಲಿ ಸಹಿ ಮಾಡಿಸಿ.

ನೇಮಕಾತಿಗೆ ದೈಹಿಕ ಅಳತೆಗಳೂ ಇವೆ. ಗಂಡಸರಿಗೆ ಎತ್ತರ 160 ಸೆಂಟಿಮೀಟರ್, ಹೆಂಗಸರಿಗೆ 150. ಗಂಡಸರ ಎದೆ 80, ಉಬ್ಬಿಸಿದಾಗ ನಾಲ್ಕು ಹೆಚ್ಚಬೇಕು. ಆರು ನಿಮಿಷದಲ್ಲಿ ಒಂದು ಕಿಲೋಮೀಟರ್ ಓಡಬೇಕು. ಬಣ್ಣಗುರುಡು ಇರಬಾರದು, ಏಕೆಂದರೆ ಫೈರ್ ಪ್ಯಾನೆಲ್ ಮೇಲಿನ ಕೆಂಪು, ಹಸಿರು ದೀಪ ನೋಡಿ ಹೇಳಬೇಕಾದವನು ಅವನೇ.

ಪ್ರಶ್ನೆ: ನಮ್ಮ ಗಾರ್ಡ್ ಕಳ್ಳನನ್ನು ಹಿಡಿದರೆ ಏನು ಮಾಡಬೇಕು? ಕೆಲಸಗಾರರ ಬ್ಯಾಗ್ ತಪಾಸಣೆ ಮಾಡುವ ಅಧಿಕಾರ ಇದೆಯೇ?
ಮದ್ದೂರಿನ ಓದುಗರು

ಗಾರ್ಡಿಗೆ ಇರುವುದು ಸಾಮಾನ್ಯ ನಾಗರಿಕನಿಗೆ ಇರುವಷ್ಟೇ ಅಧಿಕಾರ. ಮಾಜಿ ಪೊಲೀಸರಿಗೆ ಒಗ್ಗಿಕೊಳ್ಳಲು ಅತಿ ಕಷ್ಟವಾಗುವುದು ಇದೇ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ, ತನ್ನ ಕಣ್ಣೆದುರು ಜಾಮೀನಿಲ್ಲದ, ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ಯಾರಾದರೂ ಹಿಡಿಯಬಹುದು. ಅನಗತ್ಯ ತಡ ಮಾಡದೆ, ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ‘ಅವನೇ ಕದ್ದಿರಬೇಕು’ ಎಂಬ ಅನುಮಾನಕ್ಕೆ ಹಿಡಿದಿಟ್ಟರೆ, ಗಾರ್ಡ್ ರೂಮಿನಲ್ಲಿ ಕೂರಿಸಿ ‘ವಿಚಾರಣೆ’ ಮಾಡಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 126, 127ನೇ ಕಲಮುಗಳ ಅಕ್ರಮ ತಡೆ, ಅಕ್ರಮ ಬಂಧನ. ಒಂದೇಟು ಹೊಡೆದರೆ ಪ್ರಕರಣ ತಿರುಗಿ ನಿಂತಂತೆಯೇ. ಗಾರ್ಡ್‌ಗಳಿಗೆ ಕಲಿಸಬೇಕಾದದ್ದು ಇಷ್ಟು: ಮೊದಲು ವಿಸಿಲ್, ಆಮೇಲೆ 112ಕ್ಕೆ ಫೋನ್, ಸೂಪರ್‌ವೈಸರ್‌ಗೆ ಫೋನ್, ಹಿಡಿದ ಸಮಯವನ್ನು ಡೈರಿಯಲ್ಲಿ ಬರೆಯುವುದು, ಸಿಕ್ಕ ಸಾಮಾನು ಮುಟ್ಟದೆ ಬಿಡುವುದು.

ಬ್ಯಾಗ್ ತಪಾಸಣೆ ಒಪ್ಪಿಗೆಯ ಮೇಲೆ ನಡೆಯುವಂಥದ್ದು. ಕಾರ್ಖಾನೆಯ ನಿಯಮದಲ್ಲಿ, ನೇಮಕಾತಿ ಪತ್ರದಲ್ಲಿ ಅದು ಬರೆದಿರಬೇಕು, ಗೇಟಿನಲ್ಲಿ ಬೋರ್ಡ್ ಇರಬೇಕು. ಒಪ್ಪದವರನ್ನು ಮುಟ್ಟದೆ ಕಾರ್ಖಾನೆಯ ಎಚ್‌ಆರ್‌ನವರನ್ನು ಕರೆಯಿರಿ. ಹೆಂಗಸರ ತಪಾಸಣೆ ಹೆಂಗಸೇ ಮಾಡಬೇಕು, ಮರೆಯಿರುವ ಜಾಗದಲ್ಲಿ. ಮಹಿಳಾ ಗಾರ್ಡ್ ಇಲ್ಲದಿದ್ದರೆ ಆ ಕೆಲಸವನ್ನೇ ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ಗೋಡೌನಿನಲ್ಲಿ ಕಳ್ಳತನವಾಯಿತೆಂದು ಗಿರಾಕಿ ಮೂರು ತಿಂಗಳ ಬಿಲ್ ಹಿಡಿದಿದ್ದಾರೆ. ರಾತ್ರಿ ಗಾರ್ಡ್ ಮಲಗಿದ್ದನಂತೆ. ಏನು ಮಾಡಲಿ?
ಏಜೆನ್ಸಿ ಮಾಲೀಕರು, ಮಂಡ್ಯ

ಈಗ ನಿಮ್ಮ ಕೈಯಲ್ಲಿ ಏನಿದೆ ಎಂಬುದು ಕರಾರಿನ ಮೇಲಿದೆ. ಕರಾರಿನಲ್ಲಿ ‘ಯಾವುದೇ ನಷ್ಟಕ್ಕೆ ಏಜೆನ್ಸಿಯೇ ಹೊಣೆ’ ಎಂದು ಸಹಿ ಹಾಕಿದ್ದರೆ ವಕೀಲರ ಬಳಿ ಹೋಗುವುದು ಬಿಟ್ಟು ಹೆಚ್ಚು ದಾರಿಯಿಲ್ಲ. ಮೊದಲು ಎಫ್‌ಐಆರ್ ಆಗಿದೆಯೇ, ಏನು ಹೋಗಿದೆ ಎಂಬ ಸ್ಟಾಕ್ ಪಟ್ಟಿ ಇದೆಯೇ ಕೇಳಿ. ಎರಡೂ ಇಲ್ಲದೆ ಬಿಲ್ ಹಿಡಿದಿದ್ದರೆ ಲಿಖಿತ ನೋಟಿಸ್ ಕೊಡಿ. ಗಾರ್ಡ್‌ಗಳ ಸಂಬಳ ಮಾತ್ರ ನಿಲ್ಲಿಸಬೇಡಿ. ‘ಬಿಲ್ ಬಂದಿಲ್ಲ’ ಎಂಬುದು ಕಾರ್ಮಿಕ ಇಲಾಖೆಯಲ್ಲಿ ಉತ್ತರವಲ್ಲ.

ಮುಂದಿನ ಕರಾರುಗಳಲ್ಲಿ ಈ ಮಾತುಗಳು ಇರಲಿ. ಹೊಣೆ ಬರುವುದು ಗಾರ್ಡಿನ ನಿರ್ಲಕ್ಷ್ಯ ಜಂಟಿ ವಿಚಾರಣೆಯಲ್ಲಿ ಸಾಬೀತಾದರೆ ಮಾತ್ರ. ಮೊತ್ತಕ್ಕೆ ಮೇಲ್ಮಿತಿ, ಹೆಚ್ಚೆಂದರೆ ಒಂದು ತಿಂಗಳ ಬಿಲ್. ನಷ್ಟವನ್ನು 24 ಗಂಟೆಯೊಳಗೆ ಲಿಖಿತವಾಗಿ ತಿಳಿಸಬೇಕು. ಬೀಗದ ಒಳಗಿನ ಸಾಮಾನು, ಎಣಿಸಿ ಒಪ್ಪಿಸದ ಸಾಮಾನು, ನಗದು, ಚಿನ್ನ ಇದರಲ್ಲಿ ಸೇರುವುದಿಲ್ಲ. ಬಿಲ್ಲಿನಿಂದ ಏಕಪಕ್ಷೀಯ ಕಡಿತ ಇಲ್ಲ. ಕನಿಷ್ಠ ವೇತನ ಏರಿದ ದಿನದಿಂದಲೇ ದರವೂ ಏರಬೇಕು. ಈ ಕೊನೆಯದನ್ನು ಬಿಟ್ಟವರು ಪ್ರತಿ ಏಪ್ರಿಲ್‌ನಲ್ಲಿ ಕೈಯಿಂದ ಕೊಡುತ್ತಾರೆ.

ಇನ್ನು ಮಲಗಿದ ಗಾರ್ಡ್. ಹತ್ತರಲ್ಲಿ ಎಂಟು ಸಲ ಅವನು ಹಗಲು ಇನ್ನೊಂದು ಕಡೆ ಡ್ಯೂಟಿ ಮಾಡಿ ಬಂದಿರುತ್ತಾನೆ ಅಥವಾ ರಿಲೀವರ್ ಬರದೆ ಡಬಲ್ ಡ್ಯೂಟಿಯಲ್ಲಿರುತ್ತಾನೆ ಎಂಬುದು ನಮ್ಮ ಅಂದಾಜು. ಬೈದರೆ ನಿದ್ದೆ ಹೋಗುವುದಿಲ್ಲ. ಹಾಜರಾತಿಯಲ್ಲಿ ಡಬಲ್ ಡ್ಯೂಟಿಗೆ ಕೆಂಪು ಶಾಯಿ ಹಾಕಿಸಿ, ವಾರದಲ್ಲಿ ಎರಡು ಸಲಕ್ಕಿಂತ ಹೆಚ್ಚು ಕಂಡರೆ ಆ ಪಾಯಿಂಟಿಗೆ ಜನ ಕಡಿಮೆ ಎಂದೇ ಅರ್ಥ. 10 ಜನರಿಗೆ ಇಬ್ಬರು ರಿಲೀವರ್ ಯಾವಾಗಲೂ ಪಟ್ಟಿಯಲ್ಲಿರಲಿ.

ಬೀಟ್ ಪುಸ್ತಕ ನಿಮಗೆ ಹೊಸದಲ್ಲ. ಅದನ್ನೇ ಇಲ್ಲಿಗೂ ತನ್ನಿ. ಕಾಂಪೌಂಡಿನ ಮೂಲೆ, ಡೀಸೆಲ್ ಟ್ಯಾಂಕ್, ಟ್ರಾನ್ಸ್‌ಫಾರ್ಮರ್, ಹಿಂದಿನ ಶಟರ್ ಹೀಗೆ ಆರೇಳು ಜಾಗದಲ್ಲಿ ಕ್ಯೂಆರ್ ಚೀಟಿ ಅಥವಾ ಹತ್ತಿರ ಹೋಗಿ ಹಿಡಿದರಷ್ಟೇ ಓದುವ ಟ್ಯಾಗ್ ಅಂಟಿಸಿ, ಗಂಟೆಗೊಮ್ಮೆ ಸ್ಕ್ಯಾನ್ ಮಾಡಿಸಿ. ಚೀಟಿಯ ಫೋಟೋ ತೆಗೆದುಕೊಂಡು ಕುರ್ಚಿಯಲ್ಲೇ ಕೂತು ಸ್ಕ್ಯಾನ್ ಮಾಡುವ ಚಾಲಾಕಿಗಳಿದ್ದಾರೆ. ಹಾಗಾಗಿ ಸ್ಥಳದ ಗುರುತು ದಾಖಲಾಗುವ ಆ್ಯಪ್ ಇರಲಿ, ಅಥವಾ ಟ್ಯಾಗನ್ನೇ ಬಳಸಿ. ರಾತ್ರಿ ಚೆಕಿಂಗ್ ಎರಡರಿಂದ ನಾಲ್ಕರ ನಡುವೆ, ದಿನಾ ಬೇರೆ ಬೇರೆ ಹೊತ್ತಿಗೆ. ಸೂಪರ್‌ವೈಸರ್ ಹನ್ನೊಂದಕ್ಕೇ ಬಂದು ಸಹಿ ಹಾಕಿ ಮನೆಗೆ ಹೋದರೆ ಆ ಸಹಿಯಿಂದ ಉಪಯೋಗವಿಲ್ಲ. ನಿಯಮದಂತೆ 15 ಗಾರ್ಡ್‌ಗಳಿಗೆ ಒಬ್ಬ ಸೂಪರ್‌ವೈಸರ್, ಬೇರೆ ಬೇರೆ ಜಾಗದಲ್ಲಿ ಹಂಚಿಹೋಗಿದ್ದರೆ ಆರಕ್ಕೊಬ್ಬ.

ಪ್ರಶ್ನೆ: ಸಾಹೇಬ್ರೆ, ನಾನು ಗಾರ್ಡ್ ಕೆಲಸ ಮಾಡ್ತೀನಿ. ತಿಂಗಳೂ ಪಿಎಫ್ ಅಂತ ಹಿಡೀತಾರೆ, ಕಟ್ಟಿದಾರೋ ಇಲ್ವೋ ಗೊತ್ತಿಲ್ಲ. ಕೇಳಿದ್ರೆ ಕೆಲಸ ಬಿಡು ಅಂತಾರೆ.
ಮಂಡ್ಯ ಜಿಲ್ಲೆಯ ಓದುಗರು

ನಿಮ್ಮ ಯುಎಎನ್ (ಪಿಎಫ್ ಸದಸ್ಯರಿಗೆ ಕೊಡುವ) ಸಂಖ್ಯೆ ಕೇಳಿ ಪಡೆಯಿರಿ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದರೆ ಯಾವ ತಿಂಗಳು ಎಷ್ಟು ಜಮಾ ಆಗಿದೆ ಕಾಣುತ್ತದೆ. 15,000 ವೇತನಕ್ಕೆ ನಿಮ್ಮಿಂದ ಹಿಡಿಯಬೇಕಾದದ್ದು 1,800, ಇಎಸ್‌ಐಗೆ 113. ಮಾಲೀಕನ ಪಾಲನ್ನೂ ನಿಮ್ಮ ಸಂಬಳದಿಂದಲೇ ಹಿಡಿಯುತ್ತಿದ್ದರೆ ಅದು ಅಕ್ರಮ. ಹಿಡಿದೂ ಕಟ್ಟದಿದ್ದರೆ ಸಂಬಳದ ಚೀಟಿ, ಬ್ಯಾಂಕ್ ಪುಸ್ತಕದ ಪ್ರತಿ ಇಟ್ಟು ಪಿಎಫ್ ಕಚೇರಿಗೆ ದೂರು ಕೊಡಿ. ನೀವು ಕೆಲಸ ಮಾಡುವ ಕಾರ್ಖಾನೆಯ ಎಚ್‌ಆರ್‌ಗೂ ಒಂದು ಪ್ರತಿ ಕೊಡಿ. ಏಜೆನ್ಸಿ ಕಟ್ಟದಿದ್ದರೆ ಹೊಣೆ ಅವರಿಗೂ ಬರುವುದರಿಂದ ಅಲ್ಲಿಂದಲೇ ಬೇಗ ಚುರುಕು ಮುಟ್ಟುತ್ತದೆ.

ಪ್ರಶ್ನೆ: ದಸರಾ ಸಮಯದಲ್ಲಿ ಹೋಟೆಲ್, ಮಳಿಗೆಗಳವರು 10 ದಿನಕ್ಕೆ 20, 30 ಜನ ಕೇಳುತ್ತಾರೆ. ಕಾಲೇಜು ಹುಡುಗರನ್ನು ನಿಲ್ಲಿಸಬಹುದೇ?
ಮೈಸೂರಿನ ಓದುಗರು

18 ತುಂಬಿರಬೇಕು, ತರಬೇತಿ ಮುಗಿದಿರಬೇಕು, ಪೂರ್ವಾಪರ ಪರಿಶೀಲನೆ ಆಗಿರಬೇಕು. 10 ದಿನದ ಕೆಲಸಕ್ಕೂ ಇದರಲ್ಲಿ ವಿನಾಯಿತಿ ಇಲ್ಲ. ತರಬೇತಿಗೇ 20 ಕೆಲಸದ ದಿನ ಬೇಕಾದ್ದರಿಂದ ದಸರಾಕ್ಕೆ ಜನ ಬೇಕಾದರೆ ಆಷಾಢದಲ್ಲೇ ಪಟ್ಟಿ ಮಾಡಿ, ಶ್ರಾವಣದಲ್ಲಿ ತರಬೇತಿ ಮುಗಿಸಿ. ವಾಹನ ನಿಲ್ಲಿಸಲು ದಾರಿ ತೋರಿಸುವುದು, ಟಿಕೆಟ್ ಹರಿಯುವುದು ಇಂಥ ಕೆಲಸಕ್ಕೆ ಹುಡುಗರನ್ನು ಹೋಟೆಲಿನವರೇ ಸ್ವಯಂಸೇವಕರ ಜಾಕೆಟ್ ಕೊಟ್ಟು ನೇರವಾಗಿ ಇಟ್ಟುಕೊಳ್ಳಲಿ. ನಿಮ್ಮ ಏಜೆನ್ಸಿಯ ಬ್ಯಾಡ್ಜ್ ಅವರ ತೋಳಿನ ಮೇಲೆ ಇರಬಾರದು. 10 ದಿನದ ಕೆಲಸಕ್ಕೆ ಅರ್ಧ ಹಣ ಮುಂಗಡ, ಉಳಿದದ್ದು ಜಂಬೂಸವಾರಿಯ ಹಿಂದಿನ ದಿನ ತೆಗೆದುಕೊಳ್ಳಿ.